ಭಾಷೆ ಆಮೇಲೆ, ಮೊದಲು ಕೆಲಸ ಏನು ಅಂತ ಕೇಳಿ

ಸಂಪಾದಕರೇ,

ಯಾವ ಪ್ರೋಗ್ರಾಮಿಂಗ್ ಭಾಷೆಗೆ ಬೇಡಿಕೆ, ಯಾವುದು ಹಳತಾಯಿತು ಅನ್ನುವ ಲೇಖನಗಳು ಬರುತ್ತಲೇ ಇರುತ್ತವೆ. ಯಾವ ಕೆಲಸಕ್ಕೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಒಮ್ಮೆ ನಮ್ಮ ತಂಡ, ಚೆನ್ನಾಗಿಯೇ ಓಡುತ್ತಿದ್ದ ಬಿಲ್ಲಿಂಗ್ ಸಾಫ್ಟ್‌ವೇರನ್ನು ಹೊಸ ಭಾಷೆಯಲ್ಲಿ ಮೊದಲಿಂದ ಬರೆಯಲು ಕೂತಿತು. ಎಂಟು ತಿಂಗಳು ಹೋಯಿತು. ಗ್ರಾಹಕರು ಕೇಳಿದ್ದು ಒಂದೇ, ತಪ್ಪು ಬಿಲ್ ರದ್ದು ಮಾಡಿದರೆ ಸ್ಟಾಕ್ ತಾನಾಗಿ ವಾಪಸ್ ಸೇರಬೇಕು ಅಂತ. ಹಳೆಯ ಕೋಡಿನಲ್ಲಿ ಅದು ಒಂದು ವಾರದ ಕೆಲಸ, ಹೊಸದು ಸಿದ್ಧವಾದಾಗ ಅದರಲ್ಲೂ ಅದು ಇರಲಿಲ್ಲ! ಹೊಸ ಭಾಷೆಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ನಿಜ ಹೇಳಬೇಕೆಂದರೆ, ರೆಸ್ಯೂಮೆಯಲ್ಲಿ ಒಂದು ಸಾಲು ಜಾಸ್ತಿ ಆಗುತ್ತಲ್ಲ ಅನ್ನುವ ಆಸೆ.

ಕೋಬಾಲ್ ಅಂದರೆ ಹುಡುಗರು ನಗುತ್ತಾರೆ. 1959ರಲ್ಲಿ ಶುರುವಾದ ಭಾಷೆ, ಇವತ್ತಿಗೂ ಬ್ಯಾಂಕುಗಳಲ್ಲಿ ದುಡಿಯುತ್ತಿದೆ. ಸುಮ್ನೆ ಅಲ್ಲ. ದುಡ್ಡಿಗೆ ಬೇಕಾದ ದಶಮಾಂಶ ಲೆಕ್ಕ ಅದರೊಳಗೇ ಇದೆ. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಪೈಥಾನಿನಲ್ಲೂ ಅಷ್ಟೇ, ದಶಮಾಂಶ ಲೆಕ್ಕಕ್ಕೆ ಅಂತಲೇ ಇರುವ ಡೆಸಿಮಲ್ ಬಳಸಬೇಕು ಅಂತ ಗೊತ್ತಿಲ್ಲದಿದ್ದರೆ. ಬಡ್ಡಿ ಲೆಕ್ಕ ಹಾಕುವವರಿಗೆ ಇದು ತಮಾಷೆಯಲ್ಲ ಅಲ್ವಾ?

ಎರ್ಲಾಂಗ್ ಅನ್ನುವ ಭಾಷೆಯೂ ಹಾಗೇ. 1980ರ ದಶಕದಲ್ಲಿ ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ಅಂತ ಹುಟ್ಟಿದ್ದು, ಒಂದು ಕರೆ ಕೆಟ್ಟರೂ ಉಳಿದವು ನಡೆಯುತ್ತಲೇ ಇರಬೇಕಿತ್ತು. ಕೋಟಿಗಟ್ಟಲೆ ಜನರ ಮೆಸೇಜು ಸಾಗಿಸುವುದೂ ಹೆಚ್ಚುಕಡಿಮೆ ಅದೇ ಕೆಲಸ ತಾನೇ, ವಾಟ್ಸ್‌ಆ್ಯಪ್ ಅದನ್ನೇ ಹಿಡಿಯಿತು. ಆಗ ಅದೇನು ಎಲ್ಲರ ಬಾಯಲ್ಲಿದ್ದ ಭಾಷೆಯಲ್ಲ.

ಹಾಗಂತ ಭಾಷೆ ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಚಾಟ್ ಆ್ಯಪ್ ಡಿಸ್ಕಾರ್ಡ್ ತನ್ನ ಒಂದು ಸೇವೆಯನ್ನು ಗೋ ಭಾಷೆಯಿಂದ ರಸ್ಟ್‌ಗೆ ಬದಲಿಸಿದ್ದನ್ನು 2020ರಲ್ಲಿ ವಿವರಿಸಿತ್ತು. ಸುಮಾರು ಎರಡು ನಿಮಿಷಕ್ಕೊಮ್ಮೆ ಗಾರ್ಬೇಜ್ ಕಲೆಕ್ಟರ್ (ಬೇಡವಾದ ಮೆಮೊರಿಯನ್ನು ತಾನಾಗಿ ಖಾಲಿ ಮಾಡುವ ವ್ಯವಸ್ಥೆ) ಓಡಿ ಸೇವೆ ತಡವರಿಸುತ್ತಿತ್ತು, ಗೋದಲ್ಲೇ ಸರಿಮಾಡಲು ನೋಡಿದರು, ಆಗಲಿಲ್ಲ, ಆಮೇಲೆ ಬದಲಿಸಿದರು. ಅದೂ ಆ ಒಂದು ಭಾಗವನ್ನು. ನಾವು ಬದಲಿಸುವ ಮೊದಲು ಏನನ್ನೂ ಅಳೆದಿರಲಿಲ್ಲ.

ಈಗ ಯಾರಾದರೂ ಹೊಸ ಭಾಷೆ ಅಂತ ಬಂದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಇದರಿಂದ ಗ್ರಾಹಕರ ಯಾವ ತೊಂದರೆ ತಪ್ಪುತ್ತದೆ? ನೀವು ಕೆಲಸ ಬಿಟ್ಟ ಮೇಲೆ ಈ ಕೋಡನ್ನು ನೋಡಿಕೊಳ್ಳುವವರು ಯಾರು? ಮೊದಲನೆಯದಕ್ಕೆ ಏನೋ ಒಂದು ಉತ್ತರ ಬರುತ್ತದೆ. ಎರಡನೆಯದಕ್ಕೆ ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಾರೆ.

– ಒಬ್ಬ ಹಳೇ ಪ್ರೋಗ್ರಾಮರ್