ಗೇಟಿನಾಚೆಯ ಮೊದಲ ಎರಡು ವಾರ ಯಾರ ಜವಾಬ್ದಾರಿ?

ಮಾನ್ಯ ಸಂಪಾದಕರೇ,

ಅಪರಾಧ ತಡೆ ಅಂದ ಕೂಡಲೇ ಸರ್ಕಾರಗಳು ಮಾತಾಡುವುದು ಹೊಸ ಕ್ಯಾಮೆರಾ, ಹೊಸ ಗಸ್ತು ವಾಹನ, ಇನ್ನೂ ಕಠಿಣ ಕಾನೂನು ಇವುಗಳ ಬಗ್ಗೆಯೇ. ಅವೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಶಿಕ್ಷೆ ಮುಗಿಸಿ ಜೈಲಿನಿಂದ ಹೊರಗೆ ಬಂದವನು ಆ ರಾತ್ರಿ ಎಲ್ಲಿ ಮಲಗುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಅವನು ಮತ್ತೆ ಹಳೆ ದಾರಿ ಹಿಡಿಯುತ್ತಾನೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಆ ಮೊದಲ ದಿನಗಳಲ್ಲೇ ತೀರ್ಮಾನವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಸ್ವಲ್ಪ ಹತ್ತಿರದಿಂದ ನೋಡಿ. ಕೈಯಲ್ಲೊಂದು ಚೀಲ. ಒಳಗೆ ಹೋಗುವಾಗ ಜಮಾ ಮಾಡಿದ್ದ ಫೋನ್ ವಾಪಸ್ ಸಿಗುತ್ತದೆ, ಆದರೆ ಸಿಮ್ ಯಾವತ್ತೋ ಬಂದ್ ಆಗಿ ಆ ನಂಬರ್ ಬೇರೆ ಯಾರ ಹೆಸರಿಗೋ ಹೋಗಿರುತ್ತದೆ. ಹೊಸ ಸಿಮ್ಮಿಗೆ ಗುರುತಿನ ಚೀಟಿ ಬೇಕು, ಗುರುತಿನ ಚೀಟಿಗೆ ವಿಳಾಸ ಬೇಕು, ಬ್ಯಾಂಕ್ ಖಾತೆ ಮತ್ತೆ ಚಾಲೂ ಮಾಡಿಸೋಣ ಅಂದರೆ ಓಟಿಪಿ ಆ ಸತ್ತ ನಂಬರಿಗೇ ಹೋಗುತ್ತದೆ. ಕೆಲಸ ಕೊಡುವವರೂ ಮೊದಲು ಕೇಳುವುದು ಫೋನ್ ನಂಬರನ್ನೇ. ಅಂಥ ಹೊತ್ತಿನಲ್ಲಿ 'ಬಾ, ನಮ್ಮ ಜೊತೆ ಇರು' ಅಂತ ಕರೆಯುವವರು ಯಾರು? ಹಳೆ ಗ್ಯಾಂಗಿನವರು ಮಾತ್ರ, ಅಲ್ವಾ?

ಇದರಲ್ಲಿ ಜೀವದ ಪ್ರಶ್ನೆಯೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಬಗ್ಗೆ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಅವರು ಸಾಯುವ ಅಪಾಯ ಆ ರಾಜ್ಯದ ಉಳಿದ ಜನರಿಗಿಂತ ಸುಮಾರು 12.7 ಪಟ್ಟು ಜಾಸ್ತಿ ಇತ್ತು. ಹೆಚ್ಚಿನವರು ಸತ್ತದ್ದು ಮಾದಕ ವಸ್ತುವಿನ ಮಿತಿಮೀರಿದ ಸೇವನೆಯಿಂದ.

ಇಂಗ್ಲೆಂಡಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು, ನನಗೆ ತುಂಬಾ ಹಿಡಿಸಿತು. ಶುಕ್ರವಾರ ಬಿಡುಗಡೆಯಾದವರು ಕಚೇರಿಗಳು ಬಾಗಿಲು ಹಾಕುವ ಮೊದಲು ವಸತಿ, ಔಷಧಿ, ಭತ್ಯೆ ಎಲ್ಲದಕ್ಕೂ ಓಡಬೇಕಿತ್ತು. ಒಂದು ತಪ್ಪಿದರೂ ಶನಿವಾರ, ಭಾನುವಾರ ಬೀದಿಯಲ್ಲೇ. ಹಾಗಾಗಿ ಶುಕ್ರವಾರವೋ ರಜೆಯ ಹಿಂದಿನ ದಿನವೋ ಬಿಡಬೇಕಾದವರನ್ನು ಎರಡು ದಿನದವರೆಗೆ ಮುಂಚೆಯೇ ಬಿಡಲು 2023ರಲ್ಲಿ ಕಾನೂನು ತಂದರು. ಇದಕ್ಕೆ ಎಷ್ಟು ಖರ್ಚಾಗುತ್ತದೆ ಹೇಳಿ? ಯಾರೋ ಒಬ್ಬರು ಆ ಶುಕ್ರವಾರ ಸಂಜೆಯನ್ನು ಕೂತು ಯೋಚಿಸಿದರು, ಅಷ್ಟೇ.

ನಾರ್ವೆ ಇನ್ನೂ ಮೊದಲೇ ಶುರು ಮಾಡುತ್ತದೆ. ಅಲ್ಲಿ ಜೈಲಿನೊಳಗೆ ಪಾಠ ಮಾಡುವ ಮೇಷ್ಟ್ರು, ನೋಡುವ ಡಾಕ್ಟರು, ನಡೆಸುವ ಲೈಬ್ರರಿ ಎಲ್ಲ ಹೊರಗಿನ ಸಾಮಾನ್ಯ ವ್ಯವಸ್ಥೆಯವೇ, ಜೈಲು ಇಲಾಖೆಯವಲ್ಲ. ಹಾಗಾಗಿ ಹೊರಗೆ ಬಂದವನಿಗೆ ಎಲ್ಲವೂ ಮತ್ತೆ ಒಂದರಿಂದ ಶುರುವಾಗುವುದಿಲ್ಲ. ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೆ ಒಳಗಾಗುವವರು ಅಲ್ಲಿ ಸುಮಾರು ಶೇ 20 (ಒಂದೊಂದು ದೇಶ ಒಂದೊಂದು ರೀತಿ ಲೆಕ್ಕ ಹಾಕುತ್ತದೆ, ಸುಮ್ನೆ ಪಕ್ಕ ಪಕ್ಕ ಇಟ್ಟು ನೋಡಬಾರದು). ಶ್ರೀಮಂತ ದೇಶ, ಅವರಿಗೇನು ಅನ್ನುವವರು ಜೈಪುರದ ಹತ್ತಿರದ ಸಾಂಗಾನೇರ್ ತೆರೆದ ಜೈಲನ್ನು ನೋಡಲಿ. ಅಲ್ಲಿ ಕೈದಿಗಳು ಹೆಂಡತಿ ಮಕ್ಕಳ ಜೊತೆ ಇರಬಹುದು, ಬೆಳಿಗ್ಗೆ ಹೊರಗೆ ದುಡಿಯಲು ಹೋಗಿ ಸಂಜೆ ಹಾಜರಿ ಹೊತ್ತಿಗೆ ವಾಪಸ್ ಬರುತ್ತಾರೆ.

ಕೆಲಸದ ವಿಷಯ ದೊಡ್ಡದು. ಅರ್ಜಿಯ ಮೊದಲ ಪುಟದಲ್ಲೇ 'ನಿಮ್ಮ ಮೇಲೆ ಕೇಸ್ ಇತ್ತೇ' ಅಂತ ಕೇಳಿದರೆ ಮುಂದಿನ ಪುಟ ಯಾರೂ ಓದುವುದಿಲ್ಲ. ಹವಾಯಿ ರಾಜ್ಯ 1998ರಲ್ಲೇ ಆ ಪ್ರಶ್ನೆಯನ್ನು ಕೊನೆಗೆ ತಳ್ಳಿತು. ಮೊದಲು ಮನುಷ್ಯನ ಕೆಲಸ ನೋಡಿ, ಕೊಡುತ್ತೇವೆ ಎಂದಾದ ಮೇಲೆ ಕೇಳಿ, ಅದೂ ಆ ಅಪರಾಧಕ್ಕೂ ಈ ಕೆಲಸಕ್ಕೂ ಸಂಬಂಧ ಇದ್ದರೆ ಮಾತ್ರ ತಡೆಯಿರಿ. ನನ್ನ ಪ್ರಕಾರ ಇದು ನ್ಯಾಯ. ಮಕ್ಕಳಿಗೆ ತೊಂದರೆ ಕೊಟ್ಟವನನ್ನು ಶಾಲೆಗೆ ಸೇರಿಸಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ಎಂದೋ ಬೈಕ್ ಕದ್ದವನು ಬಡಗಿ ಕೆಲಸಕ್ಕೂ ಬೇಡವಾದರೆ ಅವನು ಏನು ಮಾಡಬೇಕು? ಹೇಗೋ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಏರಿಯಾದಲ್ಲಿ ಏನೋ ಕಳುವಾಯಿತು ಅಂದ ತಕ್ಷಣ ಪೊಲೀಸರು ಸೀದಾ ಅವನ ಕೆಲಸದ ಜಾಗಕ್ಕೇ ಬಂದು ಎಲ್ಲರೆದುರು ಹೆಸರು ಹಿಡಿದು ಕರೆದುಕೊಂಡು ಹೋದರೆ, ಮಾರನೇ ದಿನ ಅವನು ನಿರಪರಾಧಿ ಅಂತ ಗೊತ್ತಾದರೂ ಮಾಲೀಕರು ಒಳಗೆ ಬಿಟ್ಟುಕೊಳ್ಳುತ್ತಾರಾ? ವಿಚಾರಣೆ ಮಾಡಲಿ, ಅದಕ್ಕೊಂದು ರೀತಿ ಇರಲಿ.

ಇನ್ನೂ ಜೈಲು ಕಾಣದ ಹುಡುಗರ ವಿಷಯದಲ್ಲೂ ಇದೇ ಮಾತು. 2012ರಲ್ಲಿ ಶಿಕಾಗೋ ನಗರ ಬಡ ಬಡಾವಣೆಗಳ ಹದಿಹರೆಯದವರಿಗೆ ಬೇಸಿಗೆ ರಜೆಯಲ್ಲಿ ಎಂಟು ವಾರ ಸಂಬಳದ ಕೆಲಸ ಕೊಟ್ಟಿತು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಅವರ ಬಂಧನ, ಕೆಲಸ ಸಿಗದವರಿಗೆ ಹೋಲಿಸಿದರೆ ಶೇ 43ರಷ್ಟು ಕಡಿಮೆಯಾಗಿತ್ತು. ಎಂಟೇ ವಾರ!

'ಕಳೆದುಕೊಂಡವರ ಗತಿ ಏನು, ಕದ್ದವನಿಗೇಕೆ ಈ ಉಪಚಾರ' ಅಂತ ಕೇಳುವವರಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಪರಿಹಾರ, ಕೇಸಿನ ಮಾಹಿತಿ, ಧೈರ್ಯ ಹೇಳುವ ಜನ ಎಲ್ಲ ಕಳೆದುಕೊಂಡವರಿಗೆ ಮೊದಲು ಸಿಗಬೇಕು. ಆದರೆ ಬಿಡುಗಡೆಯಾದವನು ಮತ್ತೆ ಕದಿಯುವುದು ಇನ್ನೊಬ್ಬರ ಮನೆಯಲ್ಲೇ ತಾನೇ? ಆ ಇನ್ನೊಬ್ಬರ ಬಗ್ಗೆಯೂ ಯೋಚಿಸಬೇಕು.

ಬಿಡುಗಡೆಗೆ ಮೂರು ತಿಂಗಳಿರುವಾಗಲೇ ಗುರುತಿನ ಚೀಟಿ, ಬ್ಯಾಂಕ್ ಖಾತೆ, ಫೋನ್ ನಂಬರ್, ಮಲಗಲು ಒಂದು ಜಾಗ, ಔಷಧಿ ಬೇಕಾದವರಿಗೆ ಔಷಧಿಯ ಚೀಟಿ, ಇಷ್ಟನ್ನು ಸಿದ್ಧ ಮಾಡುವ ಹೊಣೆ ಹೆಸರು ಸಮೇತ ಒಬ್ಬ ಅಧಿಕಾರಿಯ ಮೇಲಿರಲಿ. ಹೊರಗೆ ಬಂದ ಮೇಲೂ ಒಂದು ವರ್ಷ ಅದೇ ಅಧಿಕಾರಿ ವಿಚಾರಿಸಿಕೊಳ್ಳಲಿ. ಎಷ್ಟು ಜನರನ್ನು ಹಿಡಿದೆವು ಅನ್ನುವ ಲೆಕ್ಕ ಕೊಡುವ ಸರ್ಕಾರ, ಬಿಟ್ಟವರಲ್ಲಿ ವರ್ಷದ ನಂತರ ಎಷ್ಟು ಜನ ದುಡಿದು ತಿನ್ನುತ್ತಿದ್ದಾರೆ ಅನ್ನುವ ಲೆಕ್ಕವನ್ನೂ ಕೊಡಲಿ. ನಿಮ್ಮ ವರದಿಗಾರರು ಆ ಲೆಕ್ಕವನ್ನು ಬಿಡದೆ ಕೇಳಬೇಕೆಂದು ನನ್ನ ವಿನಂತಿ.

ಇಂತಿ,
ನಿಮ್ಮ ಓದುಗ