ಹೂ ಮಾರುವ ಅಮ್ಮನಿಗೆ ಥ್ಯಾಂಕ್ಸ್

ಮೈಸೂರಿನ ಧನ್ವಂತರಿ ರಸ್ತೆಯಲ್ಲಿ ಕೂತು ದೇವರಾಜ ಮಾರುಕಟ್ಟೆಯ ಚಿತ್ರ ಬರೆಯುತ್ತಿದ್ದೆ. ಇಂಕು ಇನ್ನೂ ಹಸಿ, ಅಷ್ಟರಲ್ಲಿ ದಿಢೀರನೆ ಮಳೆ. ಹೂ ಮಾರುವ ಅಮ್ಮನೊಬ್ಬರು ಏನೂ ಕೇಳದೆ ತಮ್ಮ ಟಾರ್ಪಾಲನ್ನು ನನ್ನ ಹಾಳೆಯ ಮೇಲೆ ಎಳೆದರು. ಮಲ್ಲಿಗೆ ಬುಟ್ಟಿ ಸರಿಸಿ ಜಾಗ ಕೊಟ್ಟರು, ಸೆರಗಿನಿಂದ ಬೋರ್ಡಿನ ಅಂಚು ಒರೆಸಿದರು. ಒಂದು ಗೆರೆಯೂ ಕದಡಲಿಲ್ಲ. ಹೋದ ಜೀವ ಬಂದಂತಾಯಿತು.

2016ರಲ್ಲಿ ಕುಸಿದ ಉತ್ತರದ ಬಾಗಿಲನ್ನು ಬರೀ ಚುಕ್ಕಿಗಳಲ್ಲಿ ತೋರಿಸಿದ್ದೆ, ಹೋದದ್ದು ಹೋಯಿತು ಅನ್ನುವ ಹಾಗೆ. ಅವರು ಅಲ್ಲೇ ಬೆರಳಿಟ್ಟು, 'ಇಲ್ಲೂ ಜನ ಓಡಾಡ್ತಿದ್ರಪ್ಪ, ಬರಿ' ಅಂದರು. ಹೌದಲ್ವಾ! ಚುಕ್ಕಿಗಳ ನಡುವೆ ಬುಟ್ಟಿ, ತಕ್ಕಡಿ, ಗಿರಾಕಿಗಳು ಬಂದರು. ಮಲ್ಲಿಗೆಗೆ ದುಡ್ಡು ತಗೊಂಡರು, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಮುಟ್ಟಲಿಲ್ಲ.

ಅಮ್ಮಾ, ತುಂಬಾ ಥ್ಯಾಂಕ್ಸ್. ಚಿತ್ರದ ಒಂದು ಜೆರಾಕ್ಸ್ ನಿಮಗೆ ತಂದುಕೊಡ್ತೀನಿ.