ಇಡಗುಂಜಿ ಗಣಪತಿಯ ಕೈಯಲ್ಲಿ ಅಂಕುಶವಿಲ್ಲ

ಪ್ರೀತಿಯ ಕೂಸೇ,

ಬರುವ ಭಾನುವಾರ ನಮ್ಮನೆಯಲ್ಲಿ ಚಕ್ಕುಲಿ ಕಂಬಳ, ನೆರೆಹೊರೆಯವರೆಲ್ಲ ಸೇರಿ ಚಕ್ಕುಲಿ ಸುತ್ತುವ ದಿನ. ನಿನ್ನ ಆಯಿ ಬೆಳಗಿನಿಂದ ಅಕ್ಕಿ, ಉದ್ದು ಅಂತ ಓಡಾಡುತ್ತಿದ್ದಾಳೆ, ನನ್ನನ್ನು ಒಳಗೆ ಬಿಡುತ್ತಿಲ್ಲ. ಹಾಗಾಗಿ ಜಗಲಿಯಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಿನ್ನ ಆಫೀಸಿನ ಹುಡುಗಿಗೆ ಎರಡು ಸಂಶಯವಂತೆ: ಗಣಪತಿಯ ಒಂದೊಂದು ಅಂಗಕ್ಕೂ ಏನು ಅರ್ಥ, ಮತ್ತೆ ಅಷ್ಟು ಚಂದದ ಮೂರ್ತಿಯನ್ನು ನೀರಿಗೆ ಯಾಕೆ ಬಿಡುತ್ತೀರಿ.

ಮೊದಲನೆಯದಕ್ಕೆ ಉತ್ತರ ಚವತಿಯ ದಿನ ವಾಟ್ಸ್ಯಾಪಿನಲ್ಲೇ ಬರುತ್ತದೆ. ದೊಡ್ಡ ಕಿವಿ ಹೆಚ್ಚು ಕೇಳಲಿಕ್ಕೆ, ಸಣ್ಣ ಕಣ್ಣು ಏಕಾಗ್ರತೆಗೆ, ದೊಡ್ಡ ಹೊಟ್ಟೆ ಎಲ್ಲವನ್ನೂ ಅರಗಿಸಿಕೊಳ್ಳಲಿಕ್ಕೆ. ತಪ್ಪು ಅನ್ನಲಾರೆ. ಆದರೆ ಆನೆಯ ಕಿವಿ ದೊಡ್ಡದಿರದೆ ಇನ್ನೇನು ಮಾರಾಯ್ತಿ? ಮುರಿದ ದಂತವನ್ನೇ ನೋಡು. ಪರಶುರಾಮನ ಕೊಡಲಿ ತಾಗಿ ಮುರಿಯಿತು ಎಂದು ಒಂದು ಕಥೆ, ಮಹಾಭಾರತ ಬರೆಯಲು ತಾನೇ ಮುರಿದುಕೊಂಡ ಎಂದು ಇನ್ನೊಂದು, ನಕ್ಕ ಚಂದ್ರನಿಗೆ ಕಿತ್ತು ಎಸೆದ ಎಂದು ಮತ್ತೊಂದು. ದಂತ ಒಂದೇ, ಕಥೆ ಮೂರು. ಏಕದಂತನನ್ನು ನಮ್ಮವರು ಮೊದಲು ನೋಡಿದರು, ಕಾರಣ ಆಮೇಲೆ ಹುಡುಕಿದರು ಅಂತ ನನ್ನ ಲೆಕ್ಕ. ಚಂದ್ರನ ಕಥೆ ನಿನಗೆ ಮರೆತಿರಲಿಕ್ಕಿಲ್ಲ. ಎರಡನೇ ಕ್ಲಾಸಿನಲ್ಲಿ ಚವತಿ ಚಂದ್ರನನ್ನು ನೋಡಿಬಿಟ್ಟು, ಮರುದಿನ ಡಬ್ಬಿಯ ಚಕ್ಕುಲಿ ಖಾಲಿಯಾದ ಅಪವಾದ ಹೊತ್ತು, ಶ್ಯಮಂತಕ ಮಣಿಯ ಕೃಷ್ಣನ ಹಾಗೇ ನನ್ನದೂ ಅಂತ ವಾದಿಸಿದವಳು ನೀನು. (ತಿಂದವಳು ನೀನೇ.)

ನನಗೆ ನಿಜವಾಗಿ ಹಿಡಿಸುವ ಸಂಕೇತ ಒಂದೇ, ಅಂಕುಶ. ಅದು ಮಾವುತನ ಕೈಯಲ್ಲಿರುವ ಸಾಮಾನು. ಇಲ್ಲಿ ಆನೆಯೇ ಅದನ್ನು ಹಿಡಿದುಕೊಂಡಿದೆ. ಆದರೆ ಇಡಗುಂಜಿಯಲ್ಲಿ ಅದೂ ಇಲ್ಲ. ನೀನು ಎಷ್ಟು ಸಲ ಹೋಗಿಲ್ಲ ಅಲ್ಲಿಗೆ, ಗಮನಿಸಿದ್ದೀಯಾ? ಮೂರಡಿಗೂ ತುಸು ಕಡಿಮೆ ಎತ್ತರದ ಕರಿಕಲ್ಲಿನ ಮೂರ್ತಿ, ಕೂತಿಲ್ಲ, ನಿಂತಿದೆ. ನಾಲ್ಕು ಕೈಯಲ್ಲ, ಎರಡೇ. ಒಂದರಲ್ಲಿ ತಾವರೆಯ ಮೊಗ್ಗು, ಇನ್ನೊಂದರಲ್ಲಿ ಮೋದಕ. ಪಾಶವಿಲ್ಲ, ಕಾಲ ಬುಡದಲ್ಲಿ ಇಲಿಯೂ ಇಲ್ಲ. ಗೋಕರ್ಣದ ಮಹಾಗಣಪತಿಯೂ ಹೀಗೇ ಎರಡು ಕೈಯವನು. ಅರ್ಥ ಹೇಳುವವರು ಇಲ್ಲಿಗೆ ಬಂದರೆ ಅವರ ಪಟ್ಟಿ ಅರ್ಧಕ್ಕೇ ಮುಗಿಯುತ್ತದೆ. ಉಳಿಯುವುದು ತಿಂಡಿ ಹಿಡಿದು ನಿಂತ ಒಬ್ಬ ಪುಟ್ಟ ಮಾಣಿ. ಜನ ಅವನಿಗೆ ಪಂಚಖಾದ್ಯ ಮಾಡಿಸುತ್ತಾರೆ. ಹಸಿದ ಮಗುವಿಗೆ ಕೊಡಬೇಕಾದದ್ದು ಅದೇ ತಾನೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಿನ್ನ ಸ್ನೇಹಿತೆಗೆ ಪೂಜೆಯನ್ನು ಮೊದಲಿನಿಂದ ಹೇಳು. ಪಾರ್ವತಿ ತನ್ನ ಮೈಯ ಮಣ್ಣಿನಿಂದ ಮಗನನ್ನು ಮಾಡಿದಳು. ನಾವು ಗುಡಿಗಾರರ ಮನೆಗೆ ನಮ್ಮ ಮಣೆ ಕೊಟ್ಟು ಬರುತ್ತೇವೆ, ಅವರು ಅದರ ಮೇಲೆ ಜೇಡಿಮಣ್ಣಿನಲ್ಲಿ ಮಾಡಿಕೊಡುತ್ತಾರೆ. ತಂದು, ಹಣ್ಣು-ಕಾಯಿ ಕಟ್ಟಿ ತೂಗುಬಿಟ್ಟ ಫಲಾವಳಿಯ ಕೆಳಗೆ ಕೂರಿಸಿದರೂ ಅದು ಇನ್ನೂ ಮಣ್ಣೇ. ಪ್ರಾಣಪ್ರತಿಷ್ಠೆ ಆದ ಮೇಲಷ್ಟೇ ದೇವರು. ಆಮೇಲೆ ಅವನು ನೆಂಟ: ಕಾಲಿಗೆ ನೀರು, ಸ್ನಾನ, ಬಟ್ಟೆ, ಗಂಧ, ಊಟ. ಇಪ್ಪತ್ತೊಂದು ಬಗೆಯ ಪತ್ರೆಯಲ್ಲಿ ಅರ್ಧಕ್ಕರ್ಧ ಬೇಲಿಯ ಗಿಡಗಳು. ಎಕ್ಕ, ಉತ್ತರಾಣಿ, ದತ್ತೂರಿ, ಬೇರೆ ದಿನ ನಾವು ಕತ್ತಿಯಲ್ಲಿ ಸವರಿ ಹಾಕುವಂಥವು. ಉಳಿದ ದಿನ ಅವನಿಗೆ ಏರಿಸದ ತುಳಸಿಗೂ ಅವತ್ತು ಜಾಗ ಉಂಟು. ಗರಿಕೆ ಮಾತ್ರ ಯಾವಾಗಲೂ ಬೇಕು. ಬೆಂಕಿಯಂಥ ಅನಲಾಸುರನನ್ನು ನುಂಗಿ ಹೊಟ್ಟೆ ಉರಿದಾಗ ತಂಪು ಮಾಡಿದ್ದು ಅದೇ ಅಂತೆ.

ಹೊರಡುವ ಹೊತ್ತಿಗೆ ಪುನಃಪೂಜೆ ಮಾಡಿ, ಮಣೆಯನ್ನು ಒಂದಿಷ್ಟು ಅಲುಗಿಸಿ, 'ಪುನರಾಗಮನಾಯ ಚ' ಎನ್ನುತ್ತೇವೆ. ಮತ್ತೆ ಬಾ ಅಂತ. ಆ ಗಳಿಗೆಗೆ ಅವನು ವಾಪಸು ಮಣ್ಣು. ನೀರಿಗೆ ಬಿಡುವುದು ದೇವರನ್ನಲ್ಲ ಕೂಸೇ, ಅವನು ಆಗಲೇ ಎದ್ದು ಹೋಗಿರುತ್ತಾನೆ. ಹೊಳೆಯಿಂದ ತಂದ ಸಾಲವನ್ನು ಹೊಳೆಗೆ ಹಿಂತಿರುಗಿಸುತ್ತೇವೆ, ಅಷ್ಟೇ. ಪಿಓಪಿ ಮೂರ್ತಿಯ ಮೇಲೆ ನನಗಿರುವ ಸಿಟ್ಟು ಇದಕ್ಕೇ. ಅದು ಕರಗುವುದಿಲ್ಲ. ಹೋಗಲು ಬಾರದವನನ್ನು ಮತ್ತೆ ಬಾ ಅಂತ ಕರೆಯುವುದು ಹೇಗೆ?

ನಿನ್ನನ್ನು ವಿಮಾನ ಹತ್ತಿಸಿ ಬಂದ ವರ್ಷ ಆಯಿ ಮೊದಲ ಸಲ ಗಣಪತಿ ಬಿಡುವಲ್ಲಿಗೆ ಬರಲಿಲ್ಲ. ಮಂಡಿನೋವು ಅಂದಳು. ನಾನೂ ಕೇಳಲಿಲ್ಲ. ಈಗ ಬರುತ್ತಾಳೆ.

ನಿನ್ನೆ ಅಟ್ಟದಿಂದ ಮಣೆ ಇಳಿಸಿ ಗುಡಿಗಾರರಲ್ಲಿಗೆ ಒಯ್ದೆ. ಹೋದ ವರ್ಷದ ಕೆಸರು ಒಂದು ಮೂಲೆಯಲ್ಲಿ ಒಣಗಿ ಅಂಟಿಕೊಂಡಿತ್ತು. ತೊಳೆಯುವ ಅಂತ ಬಚ್ಚಲಿಗೆ ಒಯ್ದವನು ಹಾಗೇ ಇರಲಿ ಅಂತ ಬಿಟ್ಟೆ.

ಕಂಬಳದ ಚಕ್ಕುಲಿ ಪಾರ್ಸೆಲ್ ಮಾಡುತ್ತೇನೆ. ಮುರಿದು ತಲುಪಿದರೆ ಬೈಯಬೇಡ.

ನಿನ್ನ
ಅಪ್ಪ